ಮಾದರಿ ಗುಮಾಸ್ತ

ಬಸ್ ನಿಲ್ದಾಣದ ಟಿಕೆಟ್ ಗುಮಾಸ್ತನನ್ನು ಕೆಡಿಸಿದ್ದು ಒಂದೇ ಒಂದು ಪ್ರಶ್ನೆ.

"ನಿನ್ನೆ ಏನೇನು ತಿಂದ್ರಿ?" ನೌಕರರ ಆಹಾರ ಸಮೀಕ್ಷೆಗೆ ಬಂದಿದ್ದ ಮೇಡಂ ಪೆನ್ನು ಹಿಡಿದು ಕೇಳಿದರು.

ತಿಂದಿದ್ದು ಬೆಳಿಗ್ಗೆ ಕ್ರೀಂ ಬಿಸ್ಕತ್ತು, ಮಧ್ಯಾಹ್ನ ಚಿಪ್ಸು, ರಾತ್ರಿ ಬಿಸಿನೀರು ಹುಯ್ದ ಕಪ್ ನೂಡಲ್ಸು. ಅವನಾದರೂ ಏನು ಮಾಡಿಯಾನು? ಬಾಡಿಗೆ ಕೋಣೆಯಲ್ಲಿ ಒಲೆ ಹಚ್ಚಲು ಮಾಲೀಕರು ಬಿಡರು. ಪಾಳಿ ಮುಗಿಯುವ ಹೊತ್ತಿಗೆ ಮಾರ್ಕೆಟ್ಟಿನಲ್ಲಿ ಉಳಿದಿರುವುದು ಖಾಲಿ ಗೋಣಿಚೀಲ ಮಾತ್ರ.

ನಿಜ ಹೇಳಲು ಬಾಯಿ ತೆರೆದ. ಪಕ್ಕದಲ್ಲಿ ನಿಂತಿದ್ದ ಕಂಡಕ್ಟರಣ್ಣ ಕಿವಿಯಲ್ಲಿ ಪಿಸುಗುಟ್ಟಿದ: "ಪ್ಯಾಕೆಟ್ ತಿಂತೀನಿ ಅಂದ್ಯೋ, ಕೆಟ್ಟೆ! ದಿನಾ ಬೆಳಿಗ್ಗೆ ಡಿಪೋ ಸುತ್ತ ಓಡಿಸ್ತಾರಂತೆ."

ಆಚೆ ಕಿವಿಯಲ್ಲಿ ಡಿಪೋ ಮೆಕ್ಯಾನಿಕ್ಕು: "ಅದೆಲ್ಲ ಬುರುಡೆ. ಇದ್ದದ್ದು ಹೇಳಪ್ಪ."

ಗುಮಾಸ್ತನ ತಲೆ ಒಂದೇ ಪ್ಲಾಟ್‌ಫಾರ್ಮಿಗೆ ಎರಡು ಬಸ್ಸು ನುಗ್ಗಿದಂತಾಯಿತು. "ಹಣ್ಣು ತಿಂದೆ," ಎಂದುಬಿಟ್ಟ.

"ಯಾವ ಹಣ್ಣು?"

"ಅದೇ... ಕೆಂಪಗಿರುತ್ತಲ್ಲ."

"ಸೇಬಾ? ದಾಳಿಂಬೆನಾ?"

"ಎರಡೂ!"

"ಮಧ್ಯಾಹ್ನ?"

"ಸೊಪ್ಪು."

"ಹೇಗೆ ಬೇಯಿಸ್ತೀರಿ?"

ಒಲೆಯಿಲ್ಲದ ಕೋಣೆ ಕಣ್ಣಮುಂದೆ ಬಂತು. "ಬೇಯಿಸಲ್ಲ ಮೇಡಂ. ಹಸಿಹಸಿಯಾಗೇ ತಿಂತೀನಿ."

ಮೆಕ್ಯಾನಿಕ್ಕು ಅವನನ್ನು ಕೊಟ್ಟಿಗೆಯಿಂದ ತಪ್ಪಿಸಿಕೊಂಡು ಬಂದ ದನವನ್ನು ನೋಡಿದಂತೆ ನೋಡಿದ. ಗಾಬರಿಯಲ್ಲಿ ಬೆವರೊರೆಸಲು ಕರವಸ್ತ್ರ ಎಳೆದರೆ, ಅದರ ಜೊತೆ ಬಿಸ್ಕತ್ತಿನ ಪ್ಯಾಕೆಟ್ಟೂ ನೆಲಕ್ಕೆ ಬಿತ್ತು.

"ಇದ್ಯಾರದು?"

"ಇದು... ನಮ್ಮ ಕಂಡಕ್ಟರಣ್ಣಂದು! ಮೂರು ಹೊತ್ತೂ ಇದೇ ತಿಂತಾರೆ. ಬುದ್ಧಿ ಹೇಳಿ ಕಿತ್ಕೊಂಡೆ."

ಮನೆಯಲ್ಲಿ ಹೆಂಡತಿಯ ಕೈಯಡುಗೆ ಉಣ್ಣುವ ಕಂಡಕ್ಟರಣ್ಣ ಕೆಂಡವಾದ. ಅವನು ಬಾಯಿ ತೆರೆಯುವಷ್ಟರಲ್ಲಿ ಮೇಡಂ ಬರೆದುಕೊಂಡು ಹೋಗಿಯಾಗಿತ್ತು.

ಸಂಜೆ ವ್ಯಾನೊಂದು ಬಂತು. ಒಳಗಿಂದ ಬಿಸಿ ಅಡುಗೆಯ ಘಮಲು. ಮೇಡಂ ಪಟ್ಟಿ ಓದಿದರು: "ತಾಜಾ ಊಟ ಸಿಗದೆ ಪ್ಯಾಕೆಟ್ ತಿನ್ನೋರಿಗೆ ಇವತ್ತಿಂದ ಆರು ತಿಂಗಳು ದಿನಾ ಒಂದು ಊಟದ ಡಬ್ಬಿ, ಹಣ್ಣು. ಪುಕ್ಕಟೆ. ಮೊದಲನೇ ಹೆಸರು, ಕಂಡಕ್ಟರು!"

ಕಂಡಕ್ಟರಣ್ಣನ ಸಿಟ್ಟು ಅಲ್ಲೇ ಇಳಿಯಿತು. ಎರಡನೆಯ ಡಬ್ಬಿ, ತಾನೂ ಪ್ಯಾಕೆಟ್ಟೇ ತಿನ್ನುವುದೆಂದು ಮೊದಲೇ ನಿಜ ಹೇಳಿದ್ದ ಮೆಕ್ಯಾನಿಕ್ಕಿಗೆ.

"ಮೇಡಂ, ನನಗೆ?" ಗುಮಾಸ್ತನ ಬಾಯಲ್ಲಿ ನೀರು, ಕಣ್ಣಲ್ಲೂ ನೀರು.

"ನಿಮಗ್ಯಾಕೆ ಸಾರ್? ನೀವು ಎಲ್ಲರಿಗೂ ಮಾದರಿ! ಅದಕ್ಕೇ ನಾಳೆಯಿಂದ ಡಬ್ಬಿ ಹಂಚೋ ಜವಾಬ್ದಾರಿ ನಿಮಗೇ ಕೊಟ್ಟಿದೀವಿ. ದಿನಾ ಒಂದರಿಂದ ಎರಡು ಗಂಟೆ."

"ಅದು ನನ್ನ ಊಟದ ಹೊತ್ತು ಮೇಡಂ..."

"ಗೊತ್ತು ಸಾರ್," ಮೇಡಂ ಅಭಿಮಾನದಿಂದ ನಕ್ಕರು. "ನೀವು ಬಿಡುವಾಗಿರೋದು ಯಾವಾಗ ಅಂತ ನಿಮ್ಮ ಮೇಲಧಿಕಾರಿಗಳನ್ನ ಕೇಳಿಯೇ ಆ ಹೊತ್ತು ಇಟ್ಟಿದ್ದು."