ಭಜಿ ಆರುವ ಹೊತ್ತು

ನಮ್ಮ ಕಾಕಾರಷ್ಟು ಸಿನಿಮಾ ನೋಡಿದವರು ಗೋಕಾಕ ಸೀಮೆಯಲ್ಲಿ ಇನ್ನೊಬ್ಬರಿಲ್ಲ. ಅವರ ಜೊತೆ ಹೋದವರು ಮಾತ್ರ ಒಂದನ್ನೂ ಪೂರ್ತಿ ನೋಡಿದ್ದಿಲ್ಲ!

ಅಪ್ಪ ತೀರಿಕೊಂಡ ಮೇಲೆ ಅವ್ವ ಹೊಸ್ತಿಲು ದಾಟುವುದನ್ನೇ ಬಿಟ್ಟಿದ್ದಳು. ಆಕೆಯನ್ನು ಹೊರಗೆ ತರುವ ಮಹತ್ಕಾರ್ಯಕ್ಕೆ ಅಪ್ಪನ ತಮ್ಮನಾದ ಕಾಕಾ ಆರಿಸಿಕೊಂಡ ಸಾಧನ ಸಿನಿಮಾ. ತೊಂಬತ್ತರ ದಶಕದ ಮಾತು. ರವಿವಾರ ಮೂಡಲಗಿಯಿಂದ ಬಸ್ಸು ಹತ್ತಿ ಗೋಕಾಕಕ್ಕೆ, ಮ್ಯಾಟಿನಿಗೆ ಹೋಗುತ್ತಿದ್ದೆವು. ನಾಯಕ ಆಸ್ಪತ್ರೆಯ ಮಂಚ ಏರಿದನೋ, ಕಾಕಾ ಎದ್ದು ಅತ್ತಿಗೆಯನ್ನೂ ಎಬ್ಬಿಸಿಬಿಡುತ್ತಿದ್ದರು.

"ಏಳ್ರಿ ವೈನಿ, ಭಜಿ ಆರ್ತಾವು."

ಎಲ್ಲಿಯ ಭಜಿ? ಹೊರಗಿನ ಗಾಡಿಯವನು ಆಗಷ್ಟೇ ಹಿಟ್ಟು ಕಲೆಸುತ್ತಿರುತ್ತಿದ್ದ.

ಒಮ್ಮೆ ಗೇಟಿನವನು ಅಡ್ಡ ನಿಂತ. "ಏನ್ರಿ ಕಾಕಾ, ನಿನ್ನಿ ನೀವೊಬ್ರ ಬಂದು ಕಡೀತನಕಾ ಕುಂತು ಅತ್ತು ಹೋದ್ರಿ. ಇವತ್ತ ನಡುವ ಹೊಂಟ್ರ್ಯಲ್ಲ?"

"ನಿನ್ನಿ ಕಣ್ಣಾಗ ಕಸಾ ಬಿದ್ದಿತ್ತಪಾ."

ಅವ್ವ ಸೆರಗು ಸರಿಮಾಡಿಕೊಂಡಳು.

ಉಳಿದ ಕಥೆ ಬಸ್ಸಿನಲ್ಲಿ.

"ಮುಂದ ಏನಾತ್ರಿ?" ಎಂದು ಅವ್ವ ಕೇಳುವಳು.

"ಆಗೂದೇನ್ರಿ ವೈನಿ, ಗುಣ ಆದ. ತುಕ್ಕಾನಟ್ಟ್ಯಾಗ ಹೊಲಾ ಹಿಡದು ಕಬ್ಬು ಹಚ್ಚಿದ."

ಪ್ರತಿ ವಾರದ ನಾಯಕನದೂ ನಮ್ಮ ನೆರೆಯ ಆ ಹಳ್ಳಿಯಲ್ಲಿ ಇದೇ ಗತಿ.

"ಅಲ್ರಿ, ತುಕ್ಕಾನಟ್ಟ್ಯಾಗ ಇನ್ನೂ ಹೊಲಾ ಉಳದಾವೇನು?" ಎಂದು ಒಂದು ದಿನ ಅವ್ವ ನಕ್ಕಳು. ಎಷ್ಟೋ ದಿನಗಳ ನಂತರದ ನಗೆ ಅದು. ಕಾಕಾ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಮತ್ತೆ ಕಣ್ಣಿಗೆ ಕಸ ಬಿದ್ದಿರಬೇಕು.

ಹುಕ್ಕೇರಿಯಲ್ಲಿ ಮಾತ್ರ ಎಡವಟ್ಟಾಯಿತು. ಮದುವೆಗೆ ಹೋದವರು ಅಲ್ಲಿಯೇ ಸಿನಿಮಾಕ್ಕೆ ನುಗ್ಗಿದೆವು. ಮೊದಲೇ ಬಂದು ನೋಡಿಡಲು ಕಾಕಾರಿಗೆ ಸಮಯ ಸಿಕ್ಕಿರಲಿಲ್ಲ. ನಾಯಕ ಒಮ್ಮೆ ಕೆಮ್ಮಿದ. ನಮ್ಮ ಸಿನಿಮಾಗಳಲ್ಲಿ ಕೆಮ್ಮಿದವನು ಉಳಿದದ್ದುಂಟೇ? ಕಾಕಾ ನಮ್ಮನ್ನೆಲ್ಲ ಎಬ್ಬಿಸಿ ಹೊರಗೆ ತಂದರು. ಆಮೇಲೆ ತಿಳಿಯಿತು: ಅವನು ಕೆಮ್ಮಿದ್ದು ಮೆಣಸಿನಕಾಯಿಯ ಒಗ್ಗರಣೆಗೆ. ಸಿನಿಮಾದ ಉದ್ದಕ್ಕೂ ನಗೆಯಂತೆ.

ಮನೆಗೆ ಟಿವಿ ಬಂದ ಮೇಲೆ ಈ ಯಾತ್ರೆಗಳು ನಿಂತವು. ಮುಂದೆ ಕಾಕಾರ ಹೆಂಡತಿ, ನಮ್ಮ ಕಾಕಿಯೂ ತೀರಿಕೊಂಡಳು. ಕಾಕಾ ನಮ್ಮ ಪಡಸಾಲೆಯಲ್ಲಿ ಮಾತಿಲ್ಲದೆ ಕೂರತೊಡಗಿದರು. ಒಂದು ಮಧ್ಯಾಹ್ನ ಟಿವಿಯಲ್ಲಿ ಹಳೆಯ ಸಿನಿಮಾ ನಡೆದಿತ್ತು. ನಾಯಕಿ ಹಾಸಿಗೆ ಹಿಡಿದಳು. ಕಾಕಾ ಅಲುಗಾಡದೆ ನೋಡುತ್ತಿದ್ದರು.

ಅವ್ವ ಎದ್ದು ನಿಂತಳು. "ಏಳ್ರಿ, ಭಜಿ ಆರ್ತಾವು."

ಒಳಗೆ ಒಲೆಯನ್ನೇ ಹಚ್ಚಿರಲಿಲ್ಲ. ಕಾಕಾ ಅವಳ ಮುಖವನ್ನೇ ನೋಡಿದರು. ಆಮೇಲೆ ಮೆಲ್ಲಗೆ ಎದ್ದು ಅಡುಗೆಮನೆಯ ಕಡೆ ನಡೆದರು.

"ಮುಂದ ಏನಾಕೈತ್ರಿ ವೈನಿ?"

"ಆಗೂದೇನ್ರಿ, ಗುಣ ಆಗತಾಳ," ಎಂದಳು ಅವ್ವ, ಹಿಟ್ಟಿನ ಡಬ್ಬಿ ತೆಗೆಯುತ್ತ. "ತುಕ್ಕಾನಟ್ಟ್ಯಾಗ ಕಬ್ಬು ಹಚ್ಚತಾಳ."