ಉಡಿ ತುಂಬದೆ ಕಳಿಸುವ ಹಾಗಿಲ್ಲ

ಮನೆ ಖಾಲಿ ಮಾಡಿಸುವವರಲ್ಲಿ ಎಷ್ಟು ಬಗೆಯೋ ನನಗೆ ತಿಳಿಯದು. ಖಾಲಿ ಮಾಡುವವರಲ್ಲಿ ಮಾತ್ರ ಎರಡೇ ಬಗೆ: ಜಗಳ ತೆಗೆಯುವವರು, ಹಾಸಿಗೆ ಸುತ್ತುವವರು. ನಾನು ಹಾಸಿಗೆ ಸುತ್ತುವ ಪೈಕಿ. ಯಾರಾದರೂ ‘ಇಲ್ಲಿಂದ ಏಳಿ’ ಎಂದರೆ ಏಕೆ ಎಂದು ಕೇಳುವ ಮೊದಲೇ ಎದ್ದು ನಿಂತಿರುತ್ತೇನೆ. ಒಮ್ಮೆ ರೈಲಿನಲ್ಲಿ ನನ್ನದೇ ಜಾಗವನ್ನು ಹೀಗೆ ಬಿಟ್ಟುಕೊಟ್ಟು ಹೈದರಾಬಾದಿನವರೆಗೆ ಟ್ರಂಕಿನ ಮೇಲೆ ಕುಳಿತು ಹೋದೆ. ಆ ಜಾಗದಲ್ಲಿ ಕುಳಿತ ಹೆಂಗಸು, ಹೆಣ್ಣುಮಕ್ಕಳು ಈ ಕಾಲದಲ್ಲಿ ಧೈರ್ಯವಾಗಿರಬೇಕು ಎಂದು ದಾರಿಯುದ್ದಕ್ಕೂ ನನಗೆ ಬುದ್ಧಿ ಹೇಳಿದಳು. ನಾನು ಹೌದೆಂದೆ.

ಇಂಥ ನಾನು ಕೊಪ್ಪಳದಲ್ಲಿ ಓದುತ್ತಿದ್ದಾಗ ಒಂದು ಖೋಲಿಯಿಂದ ಹೊರಬೀಳಬೇಕಾದ ಪ್ರಸಂಗ ಬಂತು. ನಮ್ಮೂರು ಯಲಬುರ್ಗಾ. ಅಲ್ಲಿ ಹೆಣ್ಣುಮಕ್ಕಳಿಗೆ ಸಿಗುವ ಓದು ಬೇಗ ಮುಗಿದುಹೋಗುತ್ತಿತ್ತು. ಅಪ್ಪ ನನ್ನನ್ನು ಕೊಪ್ಪಳಕ್ಕೆ ಕಳಿಸಿದ್ದು ದೊಡ್ಡಪ್ಪಂದಿರ ಮಾತು ಮೀರಿ. ಯಾರು ಕೇಳಿದರೂ ‘ಛಲೋ ಮನಿ ಐತಿ, ನೋಡ್ಕೊಳ್ಳಾಕ ಆಯಿ ಅದಾಳ’ ಎಂಬುದೊಂದೇ ಅವರ ಉತ್ತರ. ಮನೆ ಹೋದರೆ ಆ ಉತ್ತರವೂ ಹೋದಂತೆ. ಕುಷ್ಟಗಿಯಲ್ಲಿ ದೊಡ್ಡಪ್ಪ ಒಂದು ವರ ನೋಡಿಟ್ಟಿದ್ದರು. ಹುಡುಗ ಒಳ್ಳೆಯವನೇ ಇರಬೇಕು, ನಾನು ಅವನ ಮುಖ ನೋಡಲಿಲ್ಲ. ಆದರೆ ಯುಗಾದಿಯಾದ ಮೇಲೆ ಬರುವ ಪರೀಕ್ಷೆಗೆ ನಾನು ಕೂರದಿದ್ದರೆ ಅವನನ್ನು ನೋಡುವುದು ತಪ್ಪುತ್ತಿರಲಿಲ್ಲ.

ನಮ್ಮ ಮನೆಯೊಡತಿಯ ಹೆಸರು ಗುರವ್ವ. ಎಲ್ಲರಿಗೂ ಆಯಿ. ಗಂಡನನ್ನು ಕಳೆದುಕೊಂಡು ಬಹಳ ವರ್ಷವಾಗಿತ್ತು. ಮಣ್ಣಿನ ಮಾಳಿಗೆಯ ಆ ಮನೆಯ ಮುಂಭಾಗದಲ್ಲಿ ಅವಳ ಮಗ ಸಂಗಪ್ಪ ಹೆಂಡತಿಯೊಡನೆ ಇದ್ದ, ಹಿಂಭಾಗದಲ್ಲಿ ಆಯಿ ಬೇರೆ ಒಲೆ ಹೂಡಿಕೊಂಡಿದ್ದಳು. ಹಿಂದಿನ ಅಂಗಳಕ್ಕೆ ಅಂಟಿದ ಒಂದು ಖೋಲಿಯಲ್ಲಿ ನಾನೂ ಗಂಗಾವತಿಯ ಶಕುಂತಲೆಯೂ ಇದ್ದೆವು. ಖೋಲಿಗೆ ಅಂಗೈಯಗಲದ ಕಿಟಕಿ. ಅದರಲ್ಲಿ ಕೋಟೆಯ ಗುಡ್ಡದ ಒಂದು ಬಂಡೆ ಕಾಣುತ್ತಿತ್ತು, ಬೆಳಿಗ್ಗೆ ಬೂದು, ಸಂಜೆಗೆ ಬೆಲ್ಲದ ಬಣ್ಣ. ಆಗ ಹೈದರಾಬಾದಿನ ಆಳ್ವಿಕೆ, ಶಾಲೆಯ ಓದೆಲ್ಲ ಉರ್ದುವಿನಲ್ಲಿ. ನಸುಕಿನಲ್ಲೆದ್ದು ನಾವು ಆ ಪಾಠಗಳನ್ನು ಗಟ್ಟಿಯಾಗಿ ಓದುತ್ತಿದ್ದೆವು. ಆಯಿಗೆ ಒಂದಕ್ಷರ ತಿಳಿಯದಿದ್ದರೂ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ‘ಇವತ್ತಿನ ಪಾಠ ನಿನ್ನಿಗಿಂತ ಛಲೋ ಐತಿ’ ಎಂದು ಒಮ್ಮೊಮ್ಮೆ ತೀರ್ಪನ್ನೂ ಕೊಡುತ್ತಿದ್ದಳು. ಇಂದಿಗೂ ಯಾರಾದರೂ ರೊಟ್ಟಿ ಬಡಿಯುವ ಸದ್ದು ಕೇಳಿದರೆ ನನಗೆ ಮರೆತ ಉರ್ದು ಪದ್ಯದ ಸಾಲೊಂದು ಅರ್ಧ ನೆನಪಾಗುತ್ತದೆ.

ಸಂಗಪ್ಪನದು ಶೇಂಗಾ ವ್ಯಾಪಾರ. ಆ ವರ್ಷ ಧಾರಣೆ ಬಿತ್ತೆಂದು ಅವನು ಮಾಲು ಮಾರದೆ ಕೂಡಿಟ್ಟಿದ್ದ. ಶಿವರಾತ್ರಿ ಕಳೆದ ಮೇಲೆ ಒಂದು ಶುಕ್ರವಾರ ಬೆಳಿಗ್ಗೆ ನಮ್ಮ ಖೋಲಿಯ ಬಾಗಿಲಲ್ಲಿ ನಿಂತು, ಗೋಡೆಗಳನ್ನು ಕಣ್ಣಿನಲ್ಲೇ ಅಳೆದ.

“ತಂಗೇರಾ, ಇವತ್ತ ಖೋಲಿ ಖಾಲಿ ಮಾಡ್ರಿ. ಚೀಲಾ ಇಡೋದೈತಿ.”

ನಾನು ಎದ್ದೆ. ಶಕುಂತಲೆ ಏಳಲಿಲ್ಲ. ಅವಳ ತಂದೆ ಗಂಗಾವತಿಯಲ್ಲಿ ವಕೀಲರು. “ಹಂಗ ಒಮ್ಮಿಗೇ ಖಾಲಿ ಮಾಡ್ಸಾಕ ಬರಂಗಿಲ್ಲ ಅಣ್ಣಾರ. ಬಾಡಿಗಿಯಿಂದ ಇದ್ದವರಿಗೆ ಮುದ್ದತ್ತು ಅಂತ ಒಂದಷ್ಟು ದಿನ ಕೊಡಬೇಕು. ಕಾಯ್ದೆ ಐತಿ.”

“ಎಲ್ಲೈತಿ?”

“ಗಂಗಾವತ್ಯಾಗ. ನಮ್ಮಪ್ಪಾರ ಹಂತೇಕ.”

“ಹಂಗಾದ್ರ ಅಲ್ಲೇ ಇರಲಿ ಬಿಡವಾ. ಶೇಂಗಾಕ್ಕ ಓದಾಕ ಬರಂಗಿಲ್ಲ.”

ನಾವು ಅಂಗಳ ಗುಡಿಸುತ್ತೇವೆ, ನೀರು ಸೇದುತ್ತೇವೆ, ಯಾರ ತಂಟೆಗೂ ಹೋಗುವುದಿಲ್ಲ ಎಂದು ಶಕುಂತಲೆ ವಾದಿಸಿದಳು. ಸಂಗಪ್ಪ ಸಮಾಧಾನದಿಂದ ಕೇಳಿಸಿಕೊಂಡು, “ಶೇಂಗಾ ನೀರ ಕುಡಿಯಂಗಿಲ್ಲ, ದೀಪ ಹಚ್ಚಂಗಿಲ್ಲ, ನಸುಕಿನ್ಯಾಗ ಎದ್ದು ಒದರಂಗಿಲ್ಲ” ಎಂದ. ಬಾಡಿಗೆಗೆ ಇರುವವಳಾಗಿ ನಾನು ಶೇಂಗಾಕ್ಕಿಂತ ಯಾವುದರಲ್ಲಿ ಮೇಲು ಎಂದು ಪ್ರಾಮಾಣಿಕವಾಗಿ ಯೋಚಿಸಿದೆ, ಏನೂ ಹೊಳೆಯಲಿಲ್ಲ. ಹಾಸಿಗೆ ಸುತ್ತತೊಡಗಿದೆ.

ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದ ಆಯಿ ಮೊರದಿಂದ ತಲೆಯೆತ್ತದೆ ಹೇಳಿದಳು: “ಇವತ್ತ ಶುಕ್ರವಾರ. ಇವತ್ತ ಹಾಸಿಗಿ ಸುತ್ತಬ್ಯಾಡ. ಶುಕ್ರವಾರ ಮಂಗಳವಾರ ಮನಿ ಹೆಣ್ಮಕ್ಕಳು ಹೊಂಡೂ ಹಂಗಿಲ್ಲ.”

“ಇವರು ಯಾವಾಗ ನಮ್ಮ ಮನಿ ಹೆಣ್ಮಕ್ಕಳಾದ್ರವ್ವಾ?” ಸಂಗಪ್ಪ ಕೇಳಿದ.

“ಪಂಚಮಿಗೆ ಯಾರ ಮನಿ ಉಂಡಿ ತಿಂದಾರ? ಯಾರ ಮನಿ ಜೋಕಾಲಿ ಆಡ್ಯಾರ?”

ಅದು ನಿಜ. ಹಿಂದಿನ ಪಂಚಮಿಗೆ ಹಳ್ಳ ಬಂದು ದಾರಿ ಕಟ್ಟಿ, ನಾವಿಬ್ಬರೂ ಊರಿಗೆ ಹೋಗಲಾರದೆ ಆಯಿಯ ಮನೆಯಲ್ಲೇ ಉಳಿದಿದ್ದೆವು. ಎಳ್ಳಿನ ಉಂಡಿ, ಶೇಂಗಾದ ಉಂಡಿ, ಪಡಸಾಲೆಯ ತೊಲೆಗೆ ಕಟ್ಟಿದ ಜೋಕಾಲಿ. ಶಕುಂತಲೆ ಮಾಳಿಗೆ ಮುಟ್ಟುವಂತೆ ಜೀಕಿದ್ದಳು. ನಾನು ಹಗ್ಗ ಹಿಡಿದು ಸುಮ್ಮನೆ ಕುಳಿತಿದ್ದೆ. ತಿಂದ ಉಂಡಿಗೆ ಕಾಯ್ದೆಯ ಬಲವಿದೆಯೆಂದು ಆಗ ಗೊತ್ತಿರಲಿಲ್ಲ, ಇಲ್ಲವಾದರೆ ಇನ್ನೊಂದೆರಡು ತಿನ್ನುತ್ತಿದ್ದೆ.

“ಹಂಗಾದ್ರ ನಾಳೆ ಹೋಗ್ಲಿ,” ಸಂಗಪ್ಪ ಹೇಳಿದ.

“ಹೋಗ್ಲಿ. ಉಡಿ ತುಂಬಿ ಕಳಸೂಣು.”

ಸಂಗಪ್ಪ ಜಿಪುಣನಲ್ಲ. ಮರುದಿನ ಬೆಳಿಗ್ಗೆ ಅಕ್ಕಿ, ಎರಡು ತೆಂಗಿನಕಾಯಿ, ಎಲೆ ಅಡಿಕೆ, ಇಬ್ಬರಿಗೂ ಒಂದೊಂದು ಕುಪ್ಪಸದ ಖಣ, ಎಲ್ಲವನ್ನೂ ತಂದು ತಾಯಿಯ ಮುಂದಿಟ್ಟು “ತುಂಬು ಮತ್ತ” ಎಂದ. ಆಯಿ ಖಣದ ಅಂಚನ್ನು ಮುಟ್ಟಿ ನೋಡಿ, ಚೆನ್ನಾಗಿದೆಯೆಂದು ತಲೆದೂಗಿ, ಪಕ್ಕಕ್ಕಿಟ್ಟಳು.

“ನಾ ಹೆಂಗ ತುಂಬ್ಲೆಪಾ? ನಾ ಮುತ್ತೈದಿಯೇನು? ನಿನ್ನ ಹೇಂತಿನ್ನ ಕರಕೊಂಡ ಬಾ.”

ಸಂಗಪ್ಪನ ಮುಖ ಸಣ್ಣದಾಯಿತು. “ಓಣ್ಯಾಗ ಬ್ಯಾರೆ ಮುತ್ತೈದೇರಿಲ್ಲೇನು?”

“ಅದಾರ. ಬರ್ತಾರ, ತುಂಬ್ತಾರ. ತುಂಬಿದ ಮ್ಯಾಲೆ, ನಿಮ್ಮ ಸೊಸಿ ಎಲ್ಲಿ ಅಂತ ಕೇಳ್ತಾರ. ಏನ್ ಹೇಳ್ಲಿ?”

ಸೊಸೆ ಪಾರವ್ವ ಹದಿನೈದು ದಿನದಿಂದ ಕನಕಗಿರಿಯ ತವರಿನಲ್ಲಿದ್ದಳು. ಹೋದ ಕಾರಣ ನಮಗೂ ಗೊತ್ತಿತ್ತು. ಸಂಗಪ್ಪ ಮುಂಭಾಗದ ಮನೆಯಲ್ಲಿ ಚೀಲ ಒಟ್ಟುತ್ತ ಒಟ್ಟುತ್ತ ಅಡುಗೆ ಮನೆಗೂ ಬಂದಿದ್ದ. ಚೀಲದ ಹಿಂದೆ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು, ಬೆಕ್ಕು ಹಾಲಿಗೆ ಬಾಯಿ ಹಾಕಿದ ದಿನ ಪಾರವ್ವ ಗಂಟು ಕಟ್ಟಿದಳು. ‘ಮನ್ಯಾಗ ನಾ ಇರಬೇಕೋ ಶೇಂಗಾ ಇರಬೇಕೋ ಹೇಳಿ ಕಳಸು’ ಎಂದು ಹೋಗಿದ್ದಳು. ಈಗ ಸಂಗಪ್ಪ ನಮ್ಮ ಖೋಲಿ ಕೇಳಿದ್ದೂ ಅವಳಿಗಾಗಿಯೇ, ಚೀಲಗಳನ್ನು ಇಲ್ಲಿಗೆ ಸಾಗಿಸಿ ಮನೆ ತೆರವು ಮಾಡಿ ಅವಳನ್ನು ಕರೆತರೋಣವೆಂದು.

ಹೀಗಾಗಿ ನಾವು ಹೋಗದೆ ಚೀಲ ಬರುವ ಹಾಗಿಲ್ಲ. ಚೀಲ ಬಾರದೆ ಪಾರವ್ವ ಬರುವ ಹಾಗಿಲ್ಲ. ಪಾರವ್ವ ಬಾರದೆ ನಾವು ಹೋಗುವ ಹಾಗಿಲ್ಲ. ಮುಂದೆ ಕಾಲೇಜಿನಲ್ಲಿ ತರ್ಕಶಾಸ್ತ್ರದ ಪುಸ್ತಕ ಓದುವಾಗ ಇಷ್ಟು ಬಿಗಿಯಾದ ಗಂಟು ನನಗೆ ಅದರಲ್ಲೆಲ್ಲೂ ಸಿಗಲಿಲ್ಲ.

ಶಕುಂತಲೆಗೆ ಮಾತ್ರ ಅವಮಾನವಾಗಿತ್ತು. “ಇದು ಕಾಯ್ದೆ ಅಲ್ಲ ಆಯಿ,” ಎಂದಳು.

“ಹೌದಲ್ಲವಾ. ಆದ್ರ ಇದು ಕೊಪ್ಪಳದಾಗೂ ನಡೀತೈತಿ,” ಆಯಿ ಹೇಳಿದಳು. ಅವಳು ಇದನ್ನೆಲ್ಲ ಬೇಕೆಂದೇ ಮಾಡಿದಳೋ, ನಿಜವಾಗಿ ಶಾಸ್ತ್ರಕ್ಕೆ ಅಂಜಿದಳೋ, ನಾನು ಕೇಳಲಿಲ್ಲ. ಕೇಳುವ ಸ್ವಭಾವ ನನ್ನದಲ್ಲ.

ಯುಗಾದಿ ಹತ್ತಿರ ಬಂತು. ಬಾಗಿಲಲ್ಲಿ ಚಕ್ಕಡಿ ನಿಂತ ಸದ್ದಾದರೆ ಪುಸ್ತಕ ಮುಚ್ಚಿ ಕಿವಿಗೊಡುತ್ತಿದ್ದೆ. ಸಂಗಪ್ಪನ ಹೆಂಡತಿಯ ಕೋಪ ಇಳಿಯದಿರಲಿ, ಇಳಿದರೂ ಪರೀಕ್ಷೆಯ ಮರುದಿನ ಇಳಿಯಲಿ ಎಂದು ದೇವರ ಮುಂದೆ ಕೈಮುಗಿಯುತ್ತಿದ್ದೆ. ಪರೀಕ್ಷೆಗೆ ವಾರವಿದೆ ಎನ್ನುವಾಗ ಸಂಗಪ್ಪ ತಾನೇ ಬೇಯಿಸಿಕೊಂಡು ಉಣ್ಣುವುದಕ್ಕೆ ಸೋತು, ಸಂತೆಯ ನೆಪ ಮಾಡಿ ಕನಕಗಿರಿಗೆ ಹೋದ. ಮರುದಿನ ಬಾಗಿಲಲ್ಲಿ ಚಕ್ಕಡಿ ನಿಂತಿತು. ಪಾರವ್ವ ಇಳಿದಳು. ನಾನು ಟ್ರಂಕಿನ ಬೀಗ ಹುಡುಕಿದೆ.

ಪಾರವ್ವ ಮುಂದಿನ ಬಾಗಿಲಲ್ಲಿ ಇಣುಕಿ ನೋಡಿದಳು. ಚೀಲಗಳು ಹಾಗೇ ಇದ್ದವು. ಒಳಗೆ ಕಾಲಿಡದೆ ಸುತ್ತಿಕೊಂಡು ಹಿಂದಿನ ಅಂಗಳಕ್ಕೆ ಬಂದು, ನಮ್ಮ ಖೋಲಿಯೊಳಗೆ ಗಂಟು ಇಟ್ಟು, ನನ್ನ ಹಾಸಿಗೆಯ ಮೇಲೆ ಕುಳಿತಳು.

“ಮೊದಲ ಈ ಹುಡಿಗ್ಯಾರ ಉಡಿ ತುಂಬು,” ಸಂಗಪ್ಪ ಹೊರಗಿನಿಂದ ಮೆಲ್ಲಗೆ ಹೇಳಿದ.

“ತುಂಬಿ ಕಳಿಸಿದ್ರ ಈ ಖೋಲ್ಯಾಗ ಏನ್ ಇಡ್ತಿ?”

“ಚೀಲಾ.”

“ಮತ್ತ ಅಲ್ಲೀತನಕ ನಾ ಎಲ್ಲಿರ್ಲಿ? ಚಕ್ಕಡ್ಯಾಗೇನು?”

ಪಾರವ್ವ ಶಕುಂತಲೆಯ ಕಡೆ ತಿರುಗಿ, “ಕಾಯ್ದೆದಾಗ ಏನೈತೆವಾ, ಹೇಂತಿಗೆ ಮುದ್ದತ್ತು ಕೊಡಬೇಕಿಲ್ಲೋ?” ಎಂದಳು. ಶಕುಂತಲೆ ಕೂಡಲೆ ಕೊಡಬೇಕೆಂದಳು. ಆ ವಾರ ನಾವು ಮೂವರೂ ಆ ಖೋಲಿಯಲ್ಲೇ ಇದ್ದೆವು. ನಾವು ಓದುವಾಗ ಪಾರವ್ವ ಗೋಡೆಗೊರಗಿ ಕುಳಿತು, ಅರ್ಥ ಕೇಳದೆ, ನಾವು ತೂಕಡಿಸಿದರೆ ಮೊಣಕಾಲಿಗೆ ತಟ್ಟುತ್ತಿದ್ದಳು. ಸಂಗಪ್ಪ ಬಂದ ಧಾರಣೆಗೆ ಮಾಲು ಕೊಟ್ಟು ಮನೆ ತೆರವು ಮಾಡುವ ಹೊತ್ತಿಗೆ ನಮ್ಮ ಪರೀಕ್ಷೆ ಮುಗಿದಿತ್ತು. ರಜೆಗೆ ಊರಿಗೆ ಹೊರಟ ದಿನ ಪಾರವ್ವ ನಮ್ಮಿಬ್ಬರ ಉಡಿ ತುಂಬಿದಳು. ಆಯಿ ತುಸು ದೂರ, ಕಂಬಕ್ಕೊರಗಿ ನಿಂತು ನೋಡುತ್ತಿದ್ದಳು. ಅವಳು ಮುಂದೆ ಬರಲಿಲ್ಲ, ಬರುವ ಹಾಗಿರಲಿಲ್ಲ. ನಾನೇ ಸೆರಗು ಕಟ್ಟಿಕೊಂಡು ಹೋಗಿ ಕಾಲಿಗೆ ಬಿದ್ದೆ. ನಾನಾಗಿ ಒಂದು ಹೆಜ್ಜೆ ಮುಂದಿಟ್ಟದ್ದು ಆ ವರ್ಷದಲ್ಲಿ ಅದೊಂದೇ. ಪಾಸಾದೆ. ಕುಷ್ಟಗಿಯ ಹುಡುಗನಿಗೆ ಬೇರೆ ಕಡೆ ಮದುವೆಯಾಯಿತು, ಸುಖವಾಗಿದ್ದಾನಂತೆ.

ಈಗ ನಾನು ಬಿ.ಎ. ಮುಗಿಸಿ ಗಂಗಾವತಿಯಲ್ಲಿ ಮಕ್ಕಳಿಗೆ ಕಲಿಸುತ್ತೇನೆ. ಒಬ್ಬಳೇ ಇರೋಣವೆಂದು ಒಂದು ಖೋಲಿ ಹಿಡಿದೆ. ಅದೇ ತಿಂಗಳು ಹುಲಿಹೈದರ ಎಂಬ ಹಳ್ಳಿಯಿಂದ ಒಬ್ಬರು ಬಂದು, ‘ನಿಮ್ಮ ಹಂತೇಕ ಇದ್ದು ಓದ್ಲಿರಿ’ ಎಂದು ತಮ್ಮ ಮಗಳನ್ನು ಬಿಟ್ಟುಹೋದರು. ಹುಡುಗಿ ಗಟ್ಟಿಯಾಗಿ ಓದುತ್ತಾಳೆ, ನಿದ್ದೆಯಲ್ಲೂ ಮಗ್ಗಿ ಹೇಳುತ್ತಾಳೆ, ನನ್ನ ಬಾಚಣಿಗೆಯನ್ನು ತನ್ನದೆಂದೇ ತಿಳಿದಿದ್ದಾಳೆ. ಬೇರೆ ಜಾಗ ನೋಡಿಕೋ ಎಂದು ಹೇಳಲು ಬಹಳ ದಿನದಿಂದ ಮಾತು ಜೋಡಿಸುತ್ತಿದ್ದೇನೆ. ಒಂದು ದಿನ ಮಂಗಳವಾರವಾಗಿರುತ್ತದೆ, ಇನ್ನೊಂದು ದಿನ ಶುಕ್ರವಾರ. ಉಳಿದ ದಿನಗಳಲ್ಲಿ ಹೇಳಬಹುದು ನಿಜ. ಆದರೆ ಉಡಿ ತುಂಬದೆ ಕಳಿಸುವುದು ಹೇಗೆ? ನನಗೋ ಇನ್ನೂ ಮದುವೆಯಾಗಿಲ್ಲ. ಅವಳೊಬ್ಬಳನ್ನು ಹೊರಗೆ ಹಾಕುವುದಕ್ಕಾಗಿ ನಾನು ಮದುವೆಯಾಗಬೇಕು ಎಂದರೆ, ಹುಡುಗಿ ಇರಲಿ ಬಿಡಿ.