ಮೋಶೆಯ ಮಾವನೂ ನನ್ನ ಮಾವನೂ

ನನಗೊಂದು ರೋಗವಿದೆ. ಯಾವ ಕೆಲಸವನ್ನೂ ಇನ್ನೊಬ್ಬರ ಕೈಗೆ ಕೊಡಲಾರೆ. ಕಾಗವಾಡದ ಹತ್ತಿರದ ಒಂದು ಹೈಸ್ಕೂಲಿಗೆ ನಾನು ಮುಖ್ಯೋಪಾಧ್ಯಾಯ. ಸೀಮೆಸುಣ್ಣದ, ನಮ್ಮ ಕಡೆಯ ಮಾತಿನಲ್ಲಿ ಖಡುವಿನ, ಕಪಾಟಿನ ಕೀಲಿ ಸದಾ ನನ್ನ ಜೇಬಿನಲ್ಲೇ. ಸೀಮೆಸುಣ್ಣ ಮುಗಿದಾಗಲೆಲ್ಲ ಮಾಸ್ತರರು ನನ್ನ ಕೋಣೆಯ ಮುಂದೆ ಸಾಲಾಗಿ ನಿಲ್ಲುತ್ತಾರೆ. ಇದನ್ನು ನಾನು ಇಷ್ಟು ವರ್ಷ ಶಿಸ್ತು ಎಂದುಕೊಂಡಿದ್ದೆ. ಬೆನ್ನ ಹಿಂದೆ ಅದಕ್ಕೆ ಬೇರೆ ಹೆಸರಿದೆಯಂತೆ. ಏನೆಂದು ಕೇಳುವ ಧೈರ್ಯ ಇನ್ನೂ ಆಗಿಲ್ಲ.

ಹೋದ ಚಳಿಗಾಲದಲ್ಲಿ ಚಿಕ್ಕೋಡಿಯಲ್ಲಿ ನಮ್ಮಂಥವರಿಗೆ ನಾಯಕತ್ವದ ತರಬೇತಿ ಇಟ್ಟರು. ಪಾಠ ಹೇಳಿದವರು ಸ್ಯಾಮ್ಯುಯೆಲ್ ಸರ್ ಎಂಬ ನಿವೃತ್ತ ಶಿಕ್ಷಕರು. ಬೈಬಲ್ಲಿನ ಮೋಶೆಯ ಕಥೆ ತೆಗೆದರು. ಮೋಶೆ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕೂತು ಜನರ ತಂಟೆ ತಕರಾರು ಬಗೆಹರಿಸುತ್ತಿದ್ದನಂತೆ. ಅವನ ಮಾವ ಇತ್ರೋ ಬಂದು ನೋಡಿ, ಹೀಗಾದರೆ ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ, ಸಾವಿರಕ್ಕೊಬ್ಬ, ನೂರಕ್ಕೊಬ್ಬ, ಐವತ್ತಕ್ಕೊಬ್ಬ, ಹತ್ತಕ್ಕೊಬ್ಬ ಮುಖಂಡನನ್ನು ನೇಮಿಸು ಅಂದನಂತೆ. ಕಥೆಯ ನಡುವೆ ಶಾಲೆಯಿಂದ ಫೋನ್ ಬಂದು ಬಾಗಿಲಿಗೆ ಹೋಗಿದ್ದೆನಾದರೂ ಸಾರವೆಲ್ಲ ಸಿಕ್ಕಿತು. ಮೋಶೆ ಥೇಟ್ ನನ್ನ ಹಾಗೆಯೇ ಇದ್ದ.

ಮನೆಯಲ್ಲಿ ನಾವು ಮೂರೇ ಜನ. ಆದರೂ ಸಾವಿರದ ಮುಖಂಡತ್ವವನ್ನು ಹೆಂಡತಿ ಪದ್ಮಾಳಿಗೆ ಕೊಟ್ಟೆ. "ಇವತ್ತಿನಿಂದ ಅಡಿಗಿಮನಿ ಪೂರಾ ನಿಂದ," ಎಂದೆ. "ಇಪ್ಪತ್ತೆರಡ ವರ್ಷ ಯಾರದಿತ್ರಿ?" ಎಂದಳು. ಹೊಸ ವ್ಯವಸ್ಥೆಗೆ ಇಂಥ ವಿರೋಧ ಇರುವುದೇ.

ಆ ಶನಿವಾರ ಅವಳು ಮಹಿಳಾ ಸಂಘದ ಸಭೆಗೆಂದು ಅಥಣಿಗೆ ಹೊರಟಳು. ಅದೇ ದಿನ ಜುಗೂಳದಿಂದ ಅವಳ ಅಪ್ಪ ಬರುವವರಿದ್ದರು. ನಾವು ಜೈನರು, ಮಾವನವರಂತೂ ಹೊತ್ತು ಮುಳುಗಿದ ಮೇಲೆ ಅನ್ನ ಇರಲಿ, ನೀರನ್ನೂ ಮುಟ್ಟುವವರಲ್ಲ. "ಪಲ್ಯಾ ಮಾಡಿಟ್ಟೀನ್ರಿ. ನಾಕ ಚಪಾತಿ ಮಾಡಿ ಐದಕ್ಕ ಅಪ್ಪಗ ಊಟಕ್ಕ ಹಾಕ್ರಿ," ಎಂದು ಹೇಳಿ ಹೋದಳು. ನಾನು ತಕ್ಷಣ ಆ ಕೆಲಸವನ್ನು ಐವತ್ತರ ಮುಖಂಡಳಾದ ಮಗಳಿಗೆ ವಹಿಸಿದೆ. ಕಾಲೇಜು ಓದುವವಳು. ಪುಸ್ತಕದಿಂದ ತಲೆ ಎತ್ತದೆ "ಹ್ಞೂಂ ಪಪ್ಪಾ" ಎಂದಳು. ವಹಿಸಿದ ಮೇಲೆ ಮತ್ತೆ ಮತ್ತೆ ಕೇಳಬಾರದು ಎಂಬುದು ತರಬೇತಿಯ ಇನ್ನೊಂದು ಸೂತ್ರ. ನಾನು ಕೇಳಲಿಲ್ಲ. ನಾನು ಕಲಿಸಿದ ವಿದ್ಯೆಯನ್ನು ಅವಳು ಆಗಲೇ ಕಲಿತು, "ಲಗೂನ ಬಂದ ನೀನ ಮಾಡ" ಎಂದು ಅವ್ವನಿಗೆ ಮೆಸೇಜು ಹಾಕಿದ್ದಳಂತೆ. ಅವ್ವ ಅದನ್ನು ನೋಡಿದ್ದು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡ ಬಸ್ಸಿನಲ್ಲಿ, ಹೊತ್ತು ಮುಳುಗಿದ ಮೇಲೆ.

ಇತ್ತ ನಾನು ಕಟ್ಟೆಯ ಮೇಲೆ ಕೂತು ಮಾವನವರಿಗೆ ಮೋಶೆಯ ಕಥೆ ಹೇಳುತ್ತಿದ್ದೆ. ಅವರು ಒಮ್ಮೆ ನನ್ನ ಮುಖ, ಒಮ್ಮೆ ಪಡುವಣ ದಿಕ್ಕು ನೋಡುತ್ತಿದ್ದರು. ಮಗಳ ಮನೆಯಲ್ಲಿ ಬಾಯಿಬಿಟ್ಟು ಊಟ ಕೇಳುವ ಮನುಷ್ಯರಲ್ಲ. ಕಥೆ ಮನಸ್ಸಿಗೆ ನಾಟಿದೆ ಎಂದುಕೊಂಡು ನಾನು ಹತ್ತರ ಮುಖಂಡನವರೆಗೂ ಬಿಡಿಸಿ ಹೇಳಿದೆ. ಕೊನೆಗೆ ಅವರು ಮೆಲ್ಲಗೆ, "ಅಳಿಯಂದ್ರ, ಒಂದ್ ತಂಬಿಗಿ ನೀರರ ಕೊಡ್ರಿ, ಹೊತ್ತ ಮುಳಗಾಕತ್ತೈತಿ," ಎಂದರು. ಅವರು ಕುಡಿದು ತಂಬಿಗೆ ಇಡುವುದಕ್ಕೂ ಸೂರ್ಯ ಮರೆಯಾಗುವುದಕ್ಕೂ ಸರಿಹೋಯಿತು. ಒಳಗೆ ಓಡಿ ನೋಡಿದರೆ ಒಲೆ ತಣ್ಣಗಿತ್ತು. ಎಂಬತ್ತು ದಾಟಿದ ಹಿರಿಯರು ನನ್ನ ಮನೆಯಲ್ಲಿ ಉಪವಾಸ! ಭೂಮಿ ಬಾಯಿಬಿಡಬಾರದೇ ಅನಿಸಿತು.

ಏಳಕ್ಕೆ ಬಂದ ಪದ್ಮಾ, "ಅಪ್ಪಾ, ಊಟಾತ?" ಎಂದು ಗಾಬರಿಯಿಂದ ಕೇಳಿದಳು.

"ಹೊಟ್ಟಿ ತುಂಬೇತಿ ಬಿಡವ್ವಾ. ನಿನ್ನ ಗಂಡ ಭಾಳ ದೊಡ್ಡ ಕಥಿ ಹೇಳಿದ್ರು."

ಮರುದಿನ ಸೂರ್ಯ ಹುಟ್ಟುವ ಮೊದಲೇ ಎದ್ದು ನಾನೇ ಹಿಟ್ಟು ನಾದಿದೆ. ಯಾರಿಗಾದರೂ ವಹಿಸೋಣವೆಂದರೆ ಮನೆಯಲ್ಲಿ ಯಾರೂ ನನ್ನೊಡನೆ ಮಾತಾಡುತ್ತಿರಲಿಲ್ಲ. ಮಾವನವರು ನನ್ನ ಚಪಾತಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಪಾಪ, ಎರಡು ತಿಂದರು.

ಸೋಮವಾರ ಶಾಲೆಯಿಂದಲೇ ಸ್ಯಾಮ್ಯುಯೆಲ್ ಸರ್‌ಗೆ ಫೋನ್ ಹಚ್ಚಿ ನಡೆದದ್ದೆಲ್ಲ ಹೇಳಿ ಜಗಳ ತೆಗೆದೆ. ಅವರು ನಕ್ಕರು. "ಇತ್ರೋ ಬಂದ ದಿನಾನ ಎಲ್ಲಾರೂ ಅವನ ಸಂಗಾಟ ಊಟ ಮಾಡ್ಯಾರ್ರಿ ಸರ್. ಅಂವ ಬುದ್ಧಿ ಹೇಳಿದ್ದು ಮರದಿನ."

"ಇದನ್ನ ನೀವು ಹೇಳಲೇ ಇಲ್ಲಲ್ರಿ!"

"ಹೇಳೀನ್ರಿ. ಆವಾಗ ನೀವು ಬಾಗಲದಾಗ ನಿಂತು, 'ತುಂಡ ಖಡುದಾಗ ನಡಸ್ರಿ, ಕಪಾಟಿನ ಕೀಲಿ ನನ್ನ ಕಡೆ ಐತಿ' ಅಂತ ಫೋನಿನ್ಯಾಗ ಒದರಾಕತ್ತಿದ್ರಿ."

ಫೋನ್ ಇಟ್ಟು ಜೇಬು ಮುಟ್ಟಿ ನೋಡಿಕೊಂಡೆ. ಕೀಲಿ ಅಲ್ಲೇ ಇತ್ತು. ಬಾಗಿಲ ಹೊರಗೆ ಮೂವರು ಮಾಸ್ತರರು ಸಾಲಾಗಿ ನಿಂತಿದ್ದರು.